ನಿಮಗಿದು ಗೊತ್ತೆ? ಎತ್ತಿದ 151 ಕೆ.ಜಿ.ಯಲ್ಲಿ 5 ಕೆ.ಜಿ. ಕಾಲರ್‌ನದು!

ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಭಾರ ಎತ್ತುವ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 151 ಕೆ.ಜಿ. ಅಂತರರಾಷ್ಟ್ರೀಯ ಸ್ಪರ್ಧೆಯ ಬಾರ್‌ಗೆ ಎರಡೂ ತುದಿಯಲ್ಲಿ ಪ್ಲೇಟು ಜಾರದಂತೆ ತಡೆಯುವ ತಲಾ 2.5 ಕೆ.ಜಿ. ಕಾಲರ್ ಬಿಗಿಯುವುದು ನಿಯಮ. ಆ ತೂಕವೂ ಲೆಕ್ಕಕ್ಕೆ ಸೇರುತ್ತದೆ. ಪಳಗಿದ ಪಟುವಿಗೇ ಇಷ್ಟು ಕಟ್ಟುನಿಟ್ಟು ಇರುವಾಗ, ಇನ್ನೂ ಕೈ ನಡುಗುವ ಹೊಸಬರಿಗೆ ಕಾಲರ್ ಬೇಡವೆನ್ನಲಾದೀತೆ? ಅದಿಲ್ಲದಿದ್ದರೆ ಬಾರ್ ಕೊಂಚ ವಾಲಿದರೂ ಪ್ಲೇಟು ಹೊರಕ್ಕೆ ಸರಿಯುತ್ತದೆ, ಸರಿದಷ್ಟೂ ಬಾರ್ ಇನ್ನಷ್ಟು ವಾಲುತ್ತದೆ.

ಒಬ್ಬರೇ ಬೆಂಚ್ ಪ್ರೆಸ್ ಮಾಡುವಾಗ ಕಾಲರ್ ಇಲ್ಲದಿದ್ದರೆ ಪ್ಲೇಟು ಜಾರಿಸಿ ಪಾರಾಗಬಹುದು ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದು ಬದಿ ಖಾಲಿಯಾದೊಡನೆ ಇನ್ನೊಂದು ಬದಿಯ ಭಾರಕ್ಕೆ ಬಾರ್ ಚಿಮ್ಮಿ, ಪಕ್ಕದವರಿಗೂ ಪೆಟ್ಟಾದೀತು. ಅದಕ್ಕೆ ಪರಿಹಾರ ಜೊತೆಗೊಬ್ಬರು ನಿಲ್ಲುವುದು ಅಥವಾ ಸ್ಟ್ಯಾಂಡಿನ ಅಡ್ಡಪಟ್ಟಿ. ಕಾಲರ್ ಕೊಳ್ಳುವ ಮುನ್ನ ಬಾರ್‌ನ ತುದಿ ಅಳೆಯಿರಿ: ಒಲಿಂಪಿಕ್ ಬಾರ್‌ನದು 50 ಮಿ.ಮೀ., ಮನೆಬಳಕೆಯದು ಸಾಮಾನ್ಯವಾಗಿ ಅದರ ಅರ್ಧದಷ್ಟು. ಸ್ಪ್ರಿಂಗ್ ಕ್ಲಿಪ್ ಅಗ್ಗ, ಆದರೆ ಬಳಸಿದಂತೆ ಸಡಿಲಾಗುತ್ತದೆ. ಹಿಡಿ ಒತ್ತದೆ ಎಳೆದಾಗ ಜಾರಿದರೆ ಎಸೆಯಿರಿ. ಡಂಬೆಲ್‌ನ ತಿರುಪು ನಟ್ಟಂತೂ ಬಳಸುತ್ತ ಸಡಿಲಾಗುವುದೇ ಹೆಚ್ಚು. ರಬ್ಬರ್ ವಾಷರ್ ಇರುವ ನಟ್ಟನ್ನೇ ಆರಿಸಿ, ಪ್ರತಿ ಸುತ್ತಿಗೂ ಮುನ್ನ ಬಿಗಿಮಾಡಿ.