ಗದ್ದೆಯೇಡಿಯ ಆಹಾರ ಮತ್ತು ಆತ್ಮರಕ್ಷಣೆ

ಕಾರವಾರದ ಕಡಲಬಂಡೆಗಳ ಮೇಲೆ ಪಾಚಿ ಕೆರೆದು ತಿನ್ನುವ ಏಡಿಗಳಿರುವಂತೆ, ಅದೇ ಜಿಲ್ಲೆಯ ಮುಂಡಗೋಡ ತಾಲೂಕಿನ ಸನವಳ್ಳಿಯ ಕಡೆಯ ಭತ್ತದ ಗದ್ದೆಗಳಲ್ಲಿ ಸಿಹಿನೀರಿನ ಏಡಿಗಳಿವೆ. ಇವು ಹೆಚ್ಚಾಗಿ ರಾತ್ರಿಯ ವೇಳೆ ಹೊರಬಂದು ಕೊಳೆತ ಎಲೆ, ಪಾಚಿ, ಹುಳು, ಸತ್ತ ಜೀವಿಗಳನ್ನು ತಿನ್ನುತ್ತವೆ.

ಗಟ್ಟಿಯಾದ ಚಿಪ್ಪು, ಇಕ್ಕುಳದಂಥ 2 ಮುಂಗಾಲುಗಳು, ಬದುವಿನೊಳಗಿನ ಬಿಲ ಇವೇ ಇವುಗಳ ರಕ್ಷಣಾ ಸಾಧನಗಳು. ವೈರಿಯ ಹಿಡಿತಕ್ಕೆ ಸಿಕ್ಕ ಕಾಲನ್ನು ಏಡಿಯು ತಾನೇ ಕಳಚಿ ಪಾರಾಗುತ್ತದೆ. ಮುಂದೆ ಪೊರೆ ಬಿಡುವಾಗ ಹೊಸ ಕಾಲು ಮೂಡುತ್ತದೆ. ಪೊರೆ ಬಿಟ್ಟ ಹೊಸತರಲ್ಲಿ ಮೈ ಮೆತ್ತಗಿರುವುದರಿಂದ ಆಗ ಬಿಲವೇ ಗತಿ.

ಆ ಬಿಲದಿಂದ ಗದ್ದೆಯ ನೀರು ಸೋರುವುದರಿಂದ ರೈತನಿಗೆ ಬೇಸರವಾಗುವುದು ಸಹಜ. ಆದರೆ ವಿಷ ಸುರಿಯುವುದು ಪರಿಹಾರವಲ್ಲ. ಕಡಲೇಡಿಯ ಮರಿಗಳು ನೀರಿನಲ್ಲಿ ತೇಲಿ ದೂರ ಹರಡುತ್ತವೆ. ಗದ್ದೆಯೇಡಿಯ ಮರಿಗಳಾದರೋ ತಾಯಿಯ ಹೊಟ್ಟೆಯಡಿಯಲ್ಲೇ ಏಡಿಯ ರೂಪ ತಳೆದು ಅಲ್ಲಿಯೇ ನೆಲೆಸುತ್ತವೆ. ಆದುದರಿಂದ ಒಂದೆಡೆ ಅಳಿದ ಇವುಗಳ ಸಂತತಿ ಬೇಗನೆ ಮರಳಿ ಬಾರದು. ಬದುವನ್ನು ಮಣ್ಣು ಮೆತ್ತಿ ಭದ್ರಪಡಿಸುವುದೇ ವಿವೇಕದ ಮಾರ್ಗ.