ಬಿದ್ರಿ ಫೋಟೊದಾಗ ಬೆಳ್ಳಿ ಯಾಕ ಕಾಣಂಗಿಲ್ಲ?

ಹಲಬರ್ಗಾ: ಬಿದ್ರಿ ಹೂದಾನಿಗೆ ಮೊಬೈಲ್ ಹತ್ತಿರ ಹಿಡಿದು ಫ್ಲ್ಯಾಶ್ ಹಾಕಿದರೆ ಬೆಳ್ಳಿ ಬಳ್ಳಿ ಹೋಗಿ ಬಿಳಿ ಕಲೆ ಬರುತ್ತೆ. ವಾಟ್ಸ್‌ಆ್ಯಪ್‌ನಲ್ಲಿ ನೋಡಿ ಕೊಳ್ಳುವ ಗಿರಾಕಿಗೆ ಕುಸುರಿಯೇ ಕಾಣದಿದ್ದರೆ ರೇಟು ಜಾಸ್ತಿ ಅನ್ನಿಸದೆ ಇರುತ್ತಾ?

ಸತು, ತಾಮ್ರದ ಎರಕವು ಬೀದರ್ ಕೋಟೆ ಮಣ್ಣು, ನವಸಾಗರದ ಬಿಸಿ ದ್ರಾವಣದಲ್ಲಿ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿಯುತ್ತದೆ. ನುಣುಪು ಬೆಳ್ಳಿ ಕನ್ನಡಿ ಇದ್ದಂತೆ. ಎದುರಿಗೆ ಬಲ್ಬ್ ಇದ್ದರೆ ಒಂದು ಚುಕ್ಕೆ, ಅಗಲವಾದ ಬಿಳಿ ಪಂಚೆ ಇದ್ದರೆ ಇಡೀ ಎಳೆ ಒಂದೇ ಸಮ ಬೆಳಗುತ್ತದೆ. ಹಾಗಾಗಿ ಫ್ಲ್ಯಾಶ್ ಆರಿಸಿ, ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಅದರ ಪಕ್ಕದಲ್ಲಿಟ್ಟು ತೆಗೆದರೆ ಸಾಕು.

ಪೋಲರೈಸರ್ ಫಿಲ್ಟರ್‌ಗೆ ದುಡ್ಡು ಹಾಕುವುದು ದಂಡ. ಗಾಜು, ನೀರಿನ ಹೊಳಪನ್ನು ಅದು ತಗ್ಗಿಸುತ್ತೆ, ಲೋಹದ್ದನ್ನಲ್ಲ. ಕಪ್ಪು ಬಣ್ಣ ಬೂದಿಯಂತೆ ಕಂಡರೆ ಪರದೆ ಮುಟ್ಟಿ ಬ್ರೈಟ್‌ನೆಸ್ ಸ್ವಲ್ಪ ಇಳಿಸಬೇಕು.