ಭಾರ ಹೊರುವ ಗೋಪುರಗಳು

ಊರಿನಿಂದ ನೆಂಟರು ಬಂದರೆ ಕುತುಬ್ ಮಿನಾರನ್ನು ತೋರಿಸಿಕೊಂಡು ಬರುವುದು ಫರೀದಾಬಾದಿನ ನಮ್ಮ ಮನೆಗಳಲ್ಲಿ ವಾಡಿಕೆ. ಅದರ ಎತ್ತರ ಸುಮಾರು 73 ಮೀಟರು. ದಿಲ್ಲಿಯ ವಜೀರಾಬಾದಿನ ಬಳಿ ಯಮುನೆಯ ಮೇಲೆ 2018ರ ನವೆಂಬರಿನಲ್ಲಿ ತೆರೆದ ಸಿಗ್ನೇಚರ್ ಸೇತುವೆಯ ಉಕ್ಕಿನ ಗೋಪುರವಾದರೋ 154 ಮೀಟರು! ಮಿನಾರು ತನ್ನ ಭಾರವನ್ನಷ್ಟೇ ಹೊತ್ತು ನಿಂತಿದೆ. ಈ ಗೋಪುರ ನದಿಯ ಮೇಲಿನ ರಸ್ತೆಯನ್ನೂ ಉಕ್ಕಿನ ಹಗ್ಗಗಳಿಂದ ಎತ್ತಿ ಹಿಡಿದಿದೆ.

ಮುಂದುಗಡೆ ಇಷ್ಟು ಭಾರ ಜಗ್ಗುತ್ತಿದ್ದರೂ ಗೋಪುರ ಬೀಳುವುದಿಲ್ಲವೇಕೆ? ನಮ್ಮ ಮಹಡಿಯ ಮೇಲೆ ಬಟ್ಟೆ ಒಣಹಾಕುವ ಕಂಬವನ್ನೇ ನೋಡೋಣ. ಒದ್ದೆ ಬಟ್ಟೆಯ ಭಾರಕ್ಕೆ ಅದು ವಾಲುತ್ತದೆ. ಹಿಂದಿನಿಂದ ಇನ್ನೊಂದು ಹಗ್ಗ ಎಳೆದು ಬಿಗಿದರೆ ನಿಲ್ಲುತ್ತದೆ. ಅಲ್ಲಿಯೂ ಹಾಗೆಯೇ, ಹಿಂಬದಿಯ ಹಗ್ಗಗಳನ್ನು ನೆಲಕ್ಕೆ ಭದ್ರಪಡಿಸಿದ್ದಾರೆ. ಎರಡು ಕಡೆಯ ಎಳೆತ ಸರಿದೂಗಿದ ಮೇಲೆ ಗೋಪುರದ ಪಾಲಿಗೆ ಉಳಿಯುವುದು ಮುಖ್ಯವಾಗಿ ಕೆಳಮುಖದ ಒತ್ತಡ. ಅದನ್ನು ಅಡಿಪಾಯ ತಡೆದುಕೊಳ್ಳುತ್ತದೆ.

ನಮ್ಮ ನಾಡಿನ ತೂಗುಸೇತುವೆಗಳಿಗೂ ಇದೇ ನ್ಯಾಯ. ಎರಡು ದಡಗಳಲ್ಲಿ ಗೋಪುರ, ಅವುಗಳ ನೆತ್ತಿಯ ಮೇಲೆ ಹಾದುಹೋಗುವ ಹಗ್ಗ, ಹಗ್ಗದ ತುದಿಗಳು ನೆಲದಲ್ಲಿ ಭದ್ರ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಶಾಲೆ, ಆಸ್ಪತ್ರೆ, ಪೇಟೆ ಎಲ್ಲವೂ ಆಚೆ ದಡದ ಮಾತೇ ಆಗಿತ್ತು. ಸುಳ್ಯದ ಇಂಜಿನಿಯರು ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನ ಜನರ ಕೋರಿಕೆಯಂತೆ ಪಯಸ್ವಿನಿಗೆ ತೂಗುಸೇತುವೆ ಕಟ್ಟಿಕೊಟ್ಟರು. ಅನಂತರ ಕರ್ನಾಟಕದಲ್ಲಿಯೂ ಹೊರ ರಾಜ್ಯಗಳಲ್ಲಿಯೂ ಅವರು ಕಟ್ಟಿದವು ನೂರನ್ನು ಮೀರಿದವು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆದರೆ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಅಲ್ಲಿ ಸೋತದ್ದು ಗೋಪುರವಲ್ಲ, ಹಗ್ಗ. ಮುಖ್ಯ ಹಗ್ಗವೊಂದರ ಸುಮಾರು ಅರ್ಧದಷ್ಟು ಎಳೆಗಳು ಮೊದಲೇ ತುಕ್ಕು ತಿಂದಿದ್ದುವೆಂದು ತನಿಖೆಯಲ್ಲಿ ಕಂಡುಬಂತು. ಗೋಪುರ ಎಷ್ಟೇ ಗಟ್ಟಿಯಾಗಿರಲಿ, ಹಗ್ಗ ಹರಿದರೆ ಅದು ಬರಿಯ ಕಂಬ.

ರಜೆಗೆ ಊರಿಗೆ ಹೋದಾಗ ತೂಗುಸೇತುವೆಯ ಮೇಲೆ ಮಕ್ಕಳೊಡನೆ ನಾವೆಲ್ಲ ಫೋಟೋ ತೆಗೆಸಿಕೊಳ್ಳುವುದುಂಟು. ಹಾಗೆಯೇ ದಡದ ತನಕ ನಡೆದು, ಹಗ್ಗ ನೆಲ ಸೇರುವ ಜಾಗವನ್ನೂ ಮಕ್ಕಳಿಗೆ ತೋರಿಸೋಣ. ತುಕ್ಕು ಕಂಡರೆ ಪಂಚಾಯತಿಗೆ ಒಂದು ಮಾತು ತಿಳಿಸಿ ಬರೋಣ. ನಾವು ದಿಲ್ಲಿಯ ರೈಲು ಹತ್ತಿದ ಮೇಲೂ ಆ ಸೇತುವೆಯ ಮೇಲೆ ದಿನವೂ ಶಾಲೆಗೆ ಹೋಗುವ ಮಕ್ಕಳಿದ್ದಾರೆ.